ತೊರಕೆಯ ಜೊತೆ ಈಜು: ಎಷ್ಟು ಹತ್ತಿರ ಹೋದರೆ ಕ್ಷೇಮ?

ಅಲ್ ರಯ್ಯಾನ್: ಶಾಲೆಗಳಿಗೆ ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಕತಾರಿನ ಕನ್ನಡಿಗರ ಮನೆಗಳಲ್ಲಿ ಎರಡೇ ಮಾತು. ಊರಿಗೆ ಹೊರಡುವುದು ಯಾವಾಗ? ಅದಕ್ಕೆ ಮೊದಲು ನಾಲ್ಕು ದಿನ ಬೇರೆಲ್ಲಿಗೆ? ಎರಡನೆಯ ಪ್ರಶ್ನೆಗೆ ಹಿಂದೆಲ್ಲ ದುಬೈ ಎಂಬುದೇ ಸಿದ್ಧ ಉತ್ತರವಾಗಿತ್ತು. ಈಗ ಮಾಲ್ಡೀವ್ಸ್ ಆ ಜಾಗಕ್ಕೆ ಬಂದು ಕೂತಿದೆ. ದೋಹಾದಿಂದ ನೇರ ವಿಮಾನವಿದೆ, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿ ಇಳಿದ ಮೇಲೆಯೇ ವೀಸಾ ಸಿಗುತ್ತದೆ. ಪ್ಯಾಕೇಜ್ ಮಾರುವವರ ಬಣ್ಣದ ಪಟ್ಟಿಯಲ್ಲಿ ಡಾಲ್ಫಿನ್ ನೋಡುವುದು, ಹವಳ ನೋಡುವುದು, ಅದರ ಕೆಳಗೆ 'ಸ್ಟಿಂಗ್‌ರೇ ಜೊತೆ ಈಜು' ಎಂಬ ಸಾಲೂ ಇರುತ್ತದೆ. 'ಪೂರ್ತಿ ಸೇಫ್, ನಾಯಿಮರಿಯ ಹಾಗೆ' ಎಂಬ ಭರವಸೆ ಬೇರೆ! ಈ ಭರವಸೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಇಂಗ್ಲಿಷಿನ ಈ ಸ್ಟಿಂಗ್‌ರೇ ನಮಗೆ ಅಪರಿಚಿತವೇನಲ್ಲ. ಮಂಗಳೂರು, ಉಡುಪಿ, ಕುಂದಾಪುರದ ಕಡೆಯವರಿಗೆ ಅದು ತೊರಕೆ. ಮಾರುಕಟ್ಟೆಯಲ್ಲಿ ಚಪ್ಪಟೆಯಾಗಿ ಬಿದ್ದಿದ್ದನ್ನು ನೋಡಿದ್ದೇವೆ, ಪುಳಿಮುಂಚಿ ಮಾಡಿ ಉಂಡಿದ್ದೇವೆ. ನೀರಿನೊಳಗೆ ಅದನ್ನು ಮುಖಾಮುಖಿ ಕಂಡವರು ಮಾತ್ರ ಮೀನುಗಾರರನ್ನು ಬಿಟ್ಟರೆ ಕಡಿಮೆ. ಬಲೆಗೆ ಬಿದ್ದ ತೊರಕೆಯ ಬಾಲದ ಮುಳ್ಳಿನ ಬಗ್ಗೆ ಅವರಿಗೆ ಇರುವ ಎಚ್ಚರ, ಕಾಸು ಕೊಟ್ಟು ಅದರ ಮೈ ಸವರಲು ಹೋಗುವ ನಮಗೆ ಇಲ್ಲ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಬೇಕು. 2020ರ ಅಕ್ಟೋಬರ್‌ನಲ್ಲಿ ಮಲ್ಪೆಯ ದೋಣಿಯೊಂದಕ್ಕೆ ಎರಡು ಬೃಹತ್ ತೊರಕೆಗಳು ಸಿಕ್ಕಿ, ಕ್ರೇನಿನಲ್ಲಿ ಎತ್ತಿದ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಒಂದು ಸುಮಾರು 750 ಕಿಲೋ, ಇನ್ನೊಂದು 250 ಕಿಲೋ. ಅವು ಮಾಂಟಾ ರೇ ಜಾತಿಯವು. ಗಾತ್ರ ನೋಡಿದರೆ ಎದೆ ನಡುಗುತ್ತದೆ, ಆದರೆ ಮಾಂಟಾಗಳಿಗೆ ಚುಚ್ಚುವ ಮುಳ್ಳಿಲ್ಲ. ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿಂದು ಬದುಕುತ್ತವೆ. ಮಾಲ್ಡೀವ್ಸಿನಲ್ಲಿ ಮಾಂಟಾ ನೋಡಲು ಕರೆದೊಯ್ಯುವುದು ಬೇರೆ, ಸ್ಟಿಂಗ್‌ರೇ ಮುಟ್ಟಿಸುವುದು ಬೇರೆ. ಬುಕ್ ಮಾಡುವಾಗ ಯಾವುದು ಎಂದು ಕೇಳಿಕೊಳ್ಳಬೇಕು. ಮಾರುವವರೇ ಎಷ್ಟೋ ಸಲ ಎರಡನ್ನೂ 'ರೇ' ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ.

ಮುಳ್ಳಿರುವ ತೊರಕೆಯ ಆಯುಧ ಬಾಲದ ತುದಿಯಲ್ಲಿಲ್ಲ, ಬಾಲದ ಮೇಲ್ಭಾಗದಲ್ಲಿ ಬುಡದ ಕಡೆಗೆ ಇರುತ್ತದೆ. ಎರಡೂ ಅಂಚಿನಲ್ಲಿ ಗರಗಸದ ಹಲ್ಲು, ಮೇಲೆ ತೆಳ್ಳನೆಯ ಚರ್ಮದ ಹೊದಿಕೆ, ಅದರಲ್ಲಿ ವಿಷ. ಚುಚ್ಚಿದಾಗ ಹೊದಿಕೆ ಹರಿದು ವಿಷ ಗಾಯಕ್ಕೆ ಇಳಿಯುತ್ತದೆ. ಹಲ್ಲುಗಳು ಹಿಮ್ಮುಖವಾಗಿರುವುದರಿಂದ ಮುಳ್ಳು ಒಳಗೆ ಹೋಗುವಾಗ ಮಾಡುವ ಗಾಯಕ್ಕಿಂತ ಹೊರಗೆ ಬರುವಾಗ ಮಾಡುವ ಗಾಯ ದೊಡ್ಡದು. ಆದರೆ ಇದು ಬೇಟೆಯಾಡುವ ಆಯುಧವಲ್ಲ. ತೊರಕೆ ಮರಳಿನಲ್ಲಿ ಏಡಿ, ಚಿಪ್ಪುಮೀನು ಹುಡುಕಿ ತಿನ್ನುವ ಪ್ರಾಣಿ. ಮನುಷ್ಯನನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಶಾರ್ಕ್‌ನಂತಹ ಶತ್ರುಗಳಿಂದ ಪಾರಾಗಲಷ್ಟೇ ಅದಕ್ಕೆ ಈ ಮುಳ್ಳು.

ಹಾಗಾದರೆ ಜನರಿಗೆ ಚುಚ್ಚುವುದೇಕೆ? ಸಾಮಾನ್ಯವಾಗಿ ತುಳಿದದ್ದಕ್ಕೆ. 2013ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಗಿರ್‌ಗಾಂವ್ ಚೌಪಾಟಿಯಲ್ಲಿ ಗಣಪತಿ ವಿಸರ್ಜನೆಗೆ ನೀರಿಗಿಳಿದವರಲ್ಲಿ 50ಕ್ಕೂ ಹೆಚ್ಚು ಮಂದಿಗೆ ತೊರಕೆ ಚುಚ್ಚಿ ಆಸ್ಪತ್ರೆ ಸೇರಬೇಕಾಯಿತು. ಮುಂಬಯಿ ಕನ್ನಡಿಗರಿಗೆ ಇದು ನೆನಪಿರಬಹುದು. ಕಲಕಿದ ನೀರು, ಬರಿಗಾಲು, ಕಿಕ್ಕಿರಿದ ಜನ. ಅಡಿಯಲ್ಲಿ ಮರಳು ಹೊದ್ದು ಮಲಗಿದ ಮೀನಿಗೆ ಓಡಲು ಜಾಗವೇ ಇರಲಿಲ್ಲ. ಅಂದಿನಿಂದ ಅಲ್ಲಿನ ಮಹಾನಗರ ಪಾಲಿಕೆ ಹಬ್ಬದ ಮೊದಲು ತೊರಕೆ ಮತ್ತು ಜೆಲ್ಲಿಮೀನುಗಳ ಬಗ್ಗೆ ಎಚ್ಚರಿಕೆ ಕೊಡುವುದು ರೂಢಿಯಾಗಿದೆ.

ಎರಡನೆಯ ಬಗೆಯ ಅಪಾಯ ಅಪರೂಪದ್ದು, ಆದರೆ ಪ್ರವಾಸಿಗಳಿಗೆ ಹೆಚ್ಚು ಸಂಬಂಧಿಸಿದ್ದು. 2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದ ಬ್ಯಾಟ್ ರೀಫ್ ಬಳಿ ಸ್ಟೀವ್ ಇರ್ವಿನ್ ತೀರಿಕೊಂಡರು. ಮೊಸಳೆಗಳ ಜೊತೆ ಸರಸವಾಡುತ್ತಿದ್ದ ಅವರನ್ನು ನಮ್ಮ ಮನೆಯ ಟಿವಿಗಳಲ್ಲೂ ಕಂಡಿದ್ದೆವು. ಆಗ ಅವರಿಗೆ 44 ವರ್ಷ. ಅವರು ತೊರಕೆಯನ್ನು ತುಳಿದಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ದೊಡ್ಡದೊಂದು ತೊರಕೆಯ ಹಿಂದಿನಿಂದ ಈಜಿ ಬರುತ್ತಿದ್ದರು, ಚಿತ್ರೀಕರಿಸುವವರು ಅದರ ಮುಂದಿದ್ದರು. ಮುಂದೆ ಕ್ಯಾಮೆರಾ, ಹಿಂದೆ ಮನುಷ್ಯ, ಆಳವಿಲ್ಲದ ನೀರು. ದಾರಿ ಕಟ್ಟಿದಂತಾದ ಮೀನು ಬಾಲ ಬೀಸಿತು, ಮುಳ್ಳು ಎದೆಗೆ ಹೊಕ್ಕಿತು. ತೊರಕೆಯಿಂದ ಸಾವು ಸಂಭವಿಸುವುದು ಜಗತ್ತಿನಲ್ಲೇ ಅತಿ ವಿರಳ. ಆದರೂ ಆ ಸಾವಿನ ನಂತರದ ದಿನಗಳಲ್ಲಿ ಕ್ವೀನ್ಸ್‌ಲ್ಯಾಂಡ್ ದಡದಲ್ಲಿ ಬಾಲ ಕತ್ತರಿಸಿದ ತೊರಕೆಗಳ ಹೆಣ ಸಿಕ್ಕಿದ್ದವು. ಸೇಡು ಯಾರ ಮೇಲೋ ಏನೋ!

ಪ್ಯಾಕೇಜ್ ಪ್ರವಾಸದಲ್ಲಿ ನಡೆಯುವುದನ್ನು ಇದರ ಪಕ್ಕ ಇಟ್ಟು ನೋಡಿ. ಇಪ್ಪತ್ತು ಜನ ಸೊಂಟಮಟ್ಟದ ನೀರಿನಲ್ಲಿ ಸುತ್ತುಗಟ್ಟಿ ನಿಲ್ಲುತ್ತಾರೆ. ನಡುವೆ ಮೀನಿನ ತುಂಡು ಹಿಡಿದ ಗೈಡ್, ಎಲ್ಲರ ಕೈಯಲ್ಲೂ ಕ್ಯಾಮೆರಾ. ದಿನವೂ ಇಷ್ಟಾದರೂ ಅನಾಹುತಗಳು ಕಡಿಮೆ ಎಂಬುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪದಲ್ಲಿ 'ಸ್ಟಿಂಗ್‌ರೇ ಸಿಟಿ' ಎಂಬ ಜಾಗಕ್ಕೆ ಲಕ್ಷಗಟ್ಟಲೆ ಜನ ಹೋಗಿ ಬಂದಿದ್ದಾರೆ. ಹಿಂದೆ ಅಲ್ಲಿ ಮೀನುಗಾರರು ಮೀನು ಶುಚಿಮಾಡಿ ಕರುಳನ್ನು ನೀರಿಗೆ ಎಸೆಯುತ್ತಿದ್ದರು, ತಿನ್ನಲು ತೊರಕೆಗಳು ಬರುತ್ತಿದ್ದವು. 1980ರ ದಶಕದಲ್ಲಿ ಮುಳುಗುಗಾರರು ಕೈಯಾರೆ ತಿನ್ನಿಸಲು ತೊಡಗಿದರು, ಅಲ್ಲಿಂದ ವ್ಯಾಪಾರ ಬೆಳೆಯಿತು. ಮಾಲ್ಡೀವ್ಸಿನ ಫುಲಿಧೂವಿನಂತಹ ದ್ವೀಪಗಳ ದಡದಲ್ಲಿ ತೊರಕೆಗಳು ಕಾಲ ಬಳಿಗೇ ಬರುವುದರ ಹಿಂದೆಯೂ ಇದೇ ತಿನ್ನಿಸುವ ಅಭ್ಯಾಸವಿದೆ.

ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. 'ಸಾಧು' ಎಂದು ಹೇಳಲಾಗುವ ತೊರಕೆ ಪಳಗಿದ್ದಲ್ಲ, ಹಸಿದು ಬಂದದ್ದು. ಅದು ನಿಮ್ಮನ್ನು ಇಷ್ಟಪಟ್ಟು ಬಂದಿಲ್ಲ, ಮೀನಿನ ವಾಸನೆಗೆ ಬಂದಿದೆ. ಬಾಲದ ಮುಳ್ಳು ಹಾಗೆಯೇ ಇದೆ. ಅಕ್ವೇರಿಯಂಗಳಲ್ಲಿ ಮುಳ್ಳನ್ನು ಕತ್ತರಿಸಿಡುವ ಪದ್ಧತಿ ಉಂಟು, ಕಡಲಿನಲ್ಲಿ ಅದನ್ನು ಯಾರು ಮಾಡುತ್ತಾರೆ? ಅದು ಬಾಯಿ ಹಾಕುವ ಬಗೆಯೂ ಬೇರೆ. ಕಣ್ಣು ಮೈಯ ಮೇಲೆ, ಬಾಯಿ ಕೆಳಗೆ. ಆಹಾರವನ್ನು ನೋಡಿ ಕಚ್ಚುವುದಿಲ್ಲ, ವಾಸನೆ ಹಿಡಿದು ಹೀರುತ್ತದೆ. ಹೀಗಾಗಿ ಬೆರಳಿಗೂ ಮೀನಿಗೂ ಅದಕ್ಕೆ ವ್ಯತ್ಯಾಸ ತಿಳಿಯದು. ತೊರಕೆಗೂ ಇದರಿಂದ ಒಳಿತಾಗಿಲ್ಲ. ಕೇಮನ್‌ನಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಒಂಟಿಯಾಗಿ ರಾತ್ರಿ ತಿರುಗಬೇಕಾದ ಪ್ರಾಣಿ ಹಗಲು ಹಿಂಡು ಕಟ್ಟಿಕೊಂಡಿದೆ, ದೋಣಿ ತಗುಲಿದ ಗಾಯ ಮತ್ತು ಒಂದನ್ನೊಂದು ಕಚ್ಚಿದ ಗಾಯ ಹೆಚ್ಚಾಗಿವೆ, ರೋಗ ತಡೆಯುವ ಶಕ್ತಿಯೂ ಕುಗ್ಗಿದೆ. ಫೋಟೋಕ್ಕಾಗಿ ಅದನ್ನು ನೀರಿನಿಂದ ಎತ್ತಿ ಮಗುವಿನ ತೋಳಿನಲ್ಲಿ ಇಡುವ ಗೈಡ್‌ಗಳಿಗಂತೂ ಹಣ ಕೊಡಲೇಬಾರದು. ನೋಡಬೇಕೆಂದರೆ ತಿನ್ನಿಸದೆ ದೂರದಿಂದ ತೋರಿಸುವವರೊಡನೆ, ಮುಖವಾಡ ಹಾಕಿ, ಮೇಲ್ಮೈಯಲ್ಲಿ ತೇಲುತ್ತಾ ನೋಡಬಹುದು. ಮೇಲಿನಿಂದ ಮುಚ್ಚಿಕೊಳ್ಳಬಾರದು, ಮುಂದೆ ಹೋಗಿ ದಾರಿ ಕಟ್ಟಬಾರದು. ಹಾಗೆ ನೋಡುವುದಕ್ಕೆ ನಮ್ಮ ವಿರೋಧವಿಲ್ಲ, ಬಹಳ ಚಂದದ ಪ್ರಾಣಿ ಅದು.

ಮಾಲ್ಡೀವ್ಸಿಗೆ ಹೋಗದವರಿಗೂ ಈ ಮಾತು ಬೇಕು. ನಮ್ಮ ಅಲ್ ರಯ್ಯಾನ್ ಎಂದರೆ ಮುಐಥರ್, ಐನ್ ಖಾಲಿದ್‌ಗಳ ಮನೆಸಾಲುಗಳಷ್ಟೇ ಅಲ್ಲ. ಈ ನಗರಸಭೆಯ ವ್ಯಾಪ್ತಿ ಸಲ್ವಾ ರಸ್ತೆಯ ಕೊನೆಯಲ್ಲಿ ಸೌದಿ ಗಡಿಯ ಅಬು ಸಮ್ರಾದವರೆಗೂ, ಸಲ್ವಾ ಕೊಲ್ಲಿಯ ದಡದವರೆಗೂ ಚಾಚಿದೆ. ಶುಕ್ರವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಆ ಕಡೆಗೋ, ಸೀಲೈನ್, ದುಖಾನ್ ಕಡೆಗೋ ಹೊರಡುವ ಕುಟುಂಬಗಳು ಎಷ್ಟಿಲ್ಲ? ಅರಬ್ಬಿಯಲ್ಲಿ ಲುಖ್ಮಾ ಎಂದು ಕರೆಯುವ ತೊರಕೆಗಳು ಈ ಕೊಲ್ಲಿಯಲ್ಲಿ ಹಲವು ಜಾತಿಯವಿವೆ. ಇಲ್ಲಿನ ಆಳವಿಲ್ಲದ ಬೆಚ್ಚನೆಯ ನೀರು, ಮೆತ್ತನೆಯ ಮರಳು ಅವುಗಳಿಗೆ ಹೇಳಿ ಮಾಡಿಸಿದ ಜಾಗ. ನೀರಿಗಿಳಿಯುವಾಗ ಕಾಲೆತ್ತಿ ಹೆಜ್ಜೆ ಇಡದೆ, ಅಂಗಳ ಗುಡಿಸಿದಂತೆ ಪಾದದಿಂದ ಮರಳು ಸರಿಸುತ್ತಾ ನಡೆದರೆ ಅದು ಮೊದಲೇ ಅರಿತು ಜಾಗ ಬಿಡುತ್ತದೆ. ರಬ್ಬರ್ ಚಪ್ಪಲಿಯನ್ನು ನಂಬಬೇಡಿ, ಮುಳ್ಳು ಅದನ್ನು ತೂರಿ ಹೋಗುತ್ತದೆ.

ಚುಚ್ಚಿದರೆ ಏನು ಮಾಡಬೇಕು ಎಂಬುದನ್ನು ಮನೆಯ ಹಿರಿಯರೊಬ್ಬರಾದರೂ ತಿಳಿದಿರಬೇಕು. ನೋವು ಮೊದಲ ಒಂದೂವರೆ ಗಂಟೆಯೊಳಗೆ ವಿಪರೀತಕ್ಕೆ ಏರುತ್ತದೆ. ಮದ್ದು ಮಾತ್ರ ಸರಳ, ಬಿಸಿನೀರು. ಈ ವಿಷ ಶಾಖಕ್ಕೆ ಕೆಡುವಂಥದ್ದು. 42ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಗಾಯವನ್ನು 30ರಿಂದ 90 ನಿಮಿಷ ಮುಳುಗಿಸಿಟ್ಟರೆ ಹೆಚ್ಚಿನವರಿಗೆ ನೋವು ಇಳಿಯುತ್ತದೆ. ಅದಕ್ಕಿಂತ ಬಿಸಿ ಬೇಡ, ಚರ್ಮ ಬೆಂದೀತು. ನೋವಿನಲ್ಲಿರುವವರಿಗೆ ಬಿಸಿ ಸರಿಯಾಗಿ ತಿಳಿಯದ ಕಾರಣ ಇನ್ನೊಬ್ಬರು ಮೊದಲು ಕೈ ಅದ್ದಿ ನೋಡಬೇಕು. ಕ್ಯಾಲಿಫೋರ್ನಿಯಾದ ಸೀಲ್ ಬೀಚ್‌ಗೆ ತೊರಕೆಗಳ ಕಾಟದಿಂದಾಗಿ 'ರೇ ಬೇ' ಎಂದೇ ಅಡ್ಡಹೆಸರು. ಅಲ್ಲಿನ ಜೀವರಕ್ಷಕರು ಕೊಡುವ ಚಿಕಿತ್ಸೆಯೂ ಇದೇ. ಮಂಜುಗಡ್ಡೆ ಇಡುವುದು, ಗಾಯ ಕೊಯ್ಯುವುದು, ಬಾಯಿಂದ ವಿಷ ಹೀರುವುದು ಇವೆಲ್ಲ ಬೇಡ. ಮುಳ್ಳು ಎದೆ, ಹೊಟ್ಟೆ ಅಥವಾ ಕುತ್ತಿಗೆಗೆ ಹೊಕ್ಕಿದ್ದರೆ ಯಾವ ಕಾರಣಕ್ಕೂ ಎಳೆಯಬಾರದು. ಅಲುಗಾಡದಂತೆ ಹಿಡಿದು 999ಕ್ಕೆ ಕರೆ ಮಾಡಬೇಕು. ಸಣ್ಣ ಗಾಯವಾದರೂ ವೈದ್ಯರಿಗೆ ತೋರಿಸಲೇಬೇಕು. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಎಕ್ಸ್‌ರೇ ಬೇಕಾಗಬಹುದು, ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು. ಕಡಲ ನೀರಿನ ಸೋಂಕು ಸಕ್ಕರೆ ಕಾಯಿಲೆ ಇರುವವರಿಗೆ ಮುಳ್ಳಿಗಿಂತ ಹೆಚ್ಚು ಕಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಲೆಕ್ಕ ತಪ್ಪಬಾರದು. ಕಡಲಿನಲ್ಲಿ ನಮ್ಮವರ ಜೀವ ತೆಗೆಯುವುದು ತೊರಕೆಯಲ್ಲ, ನೀರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲಿನ ನಾಲ್ವರು ಶಾಲಾ ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡದ್ದನ್ನು ಮರೆಯುವುದು ಹೇಗೆ? ಈಜು ಬಾರದ ಮಕ್ಕಳನ್ನು ತೊರಕೆ ತೋರಿಸಲೆಂದು ದೋಣಿಯಿಂದ ನಡುಗಡಲಿಗೆ ಇಳಿಸುವವರು ಮೊದಲು ಲೈಫ್ ಜಾಕೆಟ್ ಎಲ್ಲಿ ಎಂದು ಕೇಳಬೇಕು. ಪ್ರವಾಸದ ವಿಮೆ ಮಾಡಿಸಿದವರು ಅದರಲ್ಲಿ ಜಲಕ್ರೀಡೆಗಳು ಸೇರಿವೆಯೇ ಎಂದು ನೋಡಿಕೊಳ್ಳಬೇಕು, ದೋಣಿ ಹತ್ತುವ ಮುನ್ನ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಏನಿದೆ ಎಂದು ಓದಬೇಕು. 'ಏನಾದರೂ ನಮ್ಮ ಹೊಣೆಯಲ್ಲ' ಎಂದು ಬರೆದಿಟ್ಟವರೇ ಬಾಯಲ್ಲಿ 'ಪೂರ್ತಿ ಸೇಫ್' ಎನ್ನುತ್ತಿದ್ದರೆ ಯಾವುದನ್ನು ನಂಬಬೇಕೆಂಬುದು ನಿಮಗೆ ಬಿಟ್ಟದ್ದು. ದೋಣಿಯಲ್ಲಿ ಬಿಸಿನೀರು ಇದೆಯೇ ಎಂದೂ ಕೇಳಿ. ಆ ಪ್ರಶ್ನೆ ಏಕೆಂದು ಅವರಿಗೆ ಅರ್ಥವಾಗದಿದ್ದರೆ ದೋಣಿ ಬದಲಿಸುವುದು ಲೇಸು.

ಅಬು ಸಮ್ರಾ ಕಡೆ ಹೊರಟರೆ ದೋಹಾದಿಂದ ತೊಂಬತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಬುತ್ತಿಯ ಜೊತೆ ಒಂದು ದೊಡ್ಡ ಫ್ಲಾಸ್ಕ್ ಬಿಸಿನೀರು, ಕಾಲು ಮುಳುಗುವಷ್ಟು ಅಗಲದ ಒಂದು ಬಕೆಟ್ ಕಾರಿನಲ್ಲಿ ಇರಲಿ. ಬೇಕಾದಷ್ಟು ತಣ್ಣೀರು ಬೆರೆಸಿ ಹದ ಮಾಡಿಕೊಳ್ಳಬಹುದು. ಏನೂ ಆಗದಿದ್ದರೆ ಸಂಜೆ ದಡದಲ್ಲಿ ಕುಳಿತು ಅದೇ ನೀರಿನಲ್ಲಿ ಚಹಾ ಮಾಡಿಕೊಂಡರಾಯಿತು.