ಹೆಸರಷ್ಟೇ ಉಳಿದ ಹಳ್ಳಿ

ಬೈಕಂಪಾಡಿ ಎಂದೊಡನೆ ಇಂದಿನ ವಿದ್ಯಾರ್ಥಿಗಳಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ, ಎ.ಪಿ.ಎಂ.ಸಿ. ಪ್ರಾಂಗಣ, ಹೆದ್ದಾರಿಯ ಲಾರಿಗಳು. ಮಂಗಳೂರು ಮಹಾನಗರಪಾಲಿಕೆಗೆ ಸೇರಿದ ಈ ಊರಿನ ಪಶ್ಚಿಮದಂಚಿನ ಮೀನಕಳಿಯದಲ್ಲಿ ಮಾತ್ರ ಕಡಲ್ಕೊರೆತದ ಭೀತಿಯ ನಡುವೆಯೂ ಮೀನುಗಾರರ ಬದುಕು ನಡೆದಿದೆ.

ಫ್ರಾನ್ಸಿನ ಹಳ್ಳಿ ಇಗರ್ಜಿಯ ಸುತ್ತ ಗುಂಪುಗೂಡಿರುತ್ತದೆ. ತುಳುನಾಡಿನ ಹಳ್ಳಿ ನೀರಿನ ಜಾಡನ್ನು ಹಿಡಿದು ಹರಡಿಕೊಂಡದ್ದು. ಮಳೆಯನ್ನೇ ನಂಬಿದ ಎತ್ತರದ ಬೆಟ್ಟುಗದ್ದೆಗೆ ಏಣೆಲು ಒಂದೇ ಬೆಳೆ. ನಡುವಣ ಮಜಲಿಗೆ ಸುಗ್ಗಿಯೂ ಸೇರಿ ಎರಡು. ನೀರು ಆರದ ಬೈಲಿಗೆ ಕೊಳಕೆಯೂ ಸೇರಿ ಮೂರು. ಮೇಲಿನ ಗದ್ದೆಯವನು ನೀರು ಬಿಡದೆ ಕೆಳಗಿನವನ ನೇಜಿ ಉಳಿಯದು. ಜಗಳವಾಡಿದವರೂ ಮಳೆಗಾಲ ಮುಗಿದೊಡನೆ ತೋಡಿಗೆ ಕಟ್ಟ ಹಾಕಲು ಒಟ್ಟಾಗಲೇಬೇಕು. ಹಳ್ಳಿಯ ಸ್ವಭಾವವೆಂಬುದು ಹುಟ್ಟುವುದು ಇಲ್ಲಿಯೇ.

ನೆರೆಯ ಪಣಂಬೂರಿನಲ್ಲಿ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು. ಅದಕ್ಕಾಗಿ ನೆಲ ಬಿಟ್ಟ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದವು. ನಿವೇಶನವನ್ನು ಅಳೆದು ಕೊಡಬಹುದು. ನೀರಿನ ಸರದಿಯನ್ನು, ಕಟ್ಟದ ಒಡನಾಟವನ್ನು ಯಾವ ಸರ್ವೇ ಸರಪಳಿ ಅಳೆದೀತು?

ಇದು ಕರಾವಳಿಯವರ ಪಾಡೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಕುದುರೆಮುಖದ ಅದಿರಿನ ರಾಡಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದು ಬರುತ್ತಿದ್ದುದು ಇದೇ ಪಣಂಬೂರಿಗೆ. 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅವಕಾಶವಿದೆ. ಅಧಿಸೂಚನೆ ಬರುವವರೆಗೆ ಕಾಯದೆ ಪ್ರತಿ ಗ್ರಾಮಸಭೆಯೂ ತನ್ನ ತೋಡು, ಕಟ್ಟ, ಕೆರೆ, ನೀರಿನ ಸರದಿಗಳನ್ನು ಈಗಲೇ ಬರೆದಿಡಲಿ. ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳುವ ಈ ಕೆಲಸವನ್ನು ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಮುಗಿಸಬಲ್ಲರು.