ಉಚಿತ ತಂತ್ರಾಂಶ ಯಾರ ಉಗ್ರಾಣದಿಂದ?

ಗುಮಾಸ್ತರ ಮೇಜಿನ ಮೇಲೂ ಹೋಟೆಲಿನ ಗಲ್ಲಾದ ಬಳಿಯೂ ಇಂದು ಕಂಪ್ಯೂಟರು ಬಂದು ಕುಳಿತಿರುವುದಷ್ಟೆ. ಅದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಎಷ್ಟೋ ಬೆಲೆಯಿಲ್ಲದೆ ದೊರೆಯತಕ್ಕವು. ಅವುಗಳಲ್ಲಿ ಕೆಲವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದುದರಿಂದ ಅಂಥವಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಬರೆದವರು ಸಜ್ಜನರಾದರೆ ಸಾಕು, ಸರಕು ಶುದ್ಧವೆಂದು ನಾವು ನಂಬುತ್ತೇವೆ. ಆದರೆ ಅವರ ಕೈಗೂ ನಮ್ಮ ಕೈಗೂ ನಡುವೆ ಡೌನ್‌ಲೋಡ್ ತಾಣವೆಂಬ ಉಗ್ರಾಣವೊಂದಿದೆ.

ಅಮೆರಿಕದ ಸೋರ್ಸ್‌ಫೋರ್ಜ್ 1999ರಲ್ಲಿ ಆರಂಭವಾಗಿ, ಬಹುಕಾಲ ಇಂಥ ತಂತ್ರಾಂಶಗಳಿಗೆ ಪ್ರಧಾನ ಉಗ್ರಾಣವಾಗಿದ್ದಿತು. 2012ರಲ್ಲಿ ಅದರ ಒಡೆತನ ಬದಲಾಯಿತು. ಮರುವರ್ಷವೇ ‘ಡೆವ್‌ಶೇರ್’ ಎಂಬ ಏರ್ಪಾಡು ಬಂದಿತು: ಬೇಡಿದ ತಂತ್ರಾಂಶದ ಜೊತೆಗೆ ಬೇಡದ ಪರರ ತಂತ್ರಾಂಶವನ್ನೂ ಮುಂದಿಡುವುದು, ಬಂದ ಹಣದಲ್ಲಿ ಒಪ್ಪಿದ ಕರ್ತೃಗಳಿಗೂ ಪಾಲು. ಚಿತ್ರಗಳನ್ನು ತಿದ್ದುವ ‘ಗಿಂಪ್’ ತಂತ್ರಾಂಶದವರು ಆ ತಾಣದ ನಡತೆಗೆ ಬೇಸತ್ತು, 2013ರ ನವೆಂಬರಿನಲ್ಲಿ ತಮ್ಮ ವಿಂಡೋಸ್ ಪ್ರತಿಯನ್ನು ಸ್ವಂತ ತಾಣಕ್ಕೆ ಒಯ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ಬಿಟ್ಟುಹೋದ ಖಾತೆಯನ್ನು ಸೋರ್ಸ್‌ಫೋರ್ಜ್ ತಾನೇ ವಹಿಸಿಕೊಂಡು, ಅದೇ ಹೆಸರಿನಲ್ಲಿ ಪರರ ಸರಕು ಬೆರೆಸಿದ ಕಡತವನ್ನು ಹಂಚುತ್ತಿದ್ದುದು 2015ರ ಮೇ ತಿಂಗಳಲ್ಲಿ ಬಯಲಾಯಿತು. ಖಾತೆ ಅನಾಥವಾಗಿತ್ತೆಂಬುದು ಅವರ ಸಮಜಾಯಿಷಿ. ಅನಾಥ ಮಗುವಿನ ಕೈಯಿಂದ ಭಿಕ್ಷೆ ಎತ್ತಿಸಿದವರೂ ಹೀಗೆಯೇ ಹೇಳಿಯಾರು! ಕೂಗೆದ್ದ ಮೇಲೆ ಬೆರಕೆ ನಿಂತಿತು. 2016ರಲ್ಲಿ ಬಂದ ಹೊಸ ಒಡೆಯರು ಡೆವ್‌ಶೇರನ್ನೇ ರದ್ದುಮಾಡಿದರೆಂಬುದನ್ನು ನ್ಯಾಯವಾಗಿ ಹೇಳಬೇಕು.

ಹೋಟೆಲು ನಡೆಸಿದ ನಮಗೆ ಇದು ಹೊಸದಲ್ಲ. ಬೋರ್ಡು ಅದೇ, ಒಡೆಯರು ಬೇರೆ, ಸಾಂಬಾರಿನ ರುಚಿಯೂ ಬೇರೆ. ಮುಂಬಯಿಯಲ್ಲಿ ಇಂಥವನ್ನು ಎಷ್ಟು ಕಂಡಿಲ್ಲ? ಆದುದರಿಂದ ತಾಣದ ಹಳೆಯ ಹೆಸರನ್ನು ನೆಚ್ಚದೆ, ಇಂದು ಅದರ ಕೀಲಿಕೈ ಯಾರಲ್ಲಿದೆಯೆಂದು ವಿಚಾರಿಸತಕ್ಕದ್ದು. ಗೂಗಲಿನಲ್ಲಿ ಮೊದಲು ಕಾಣುವುದು ಹಲವು ವೇಳೆ ಹಣ ತೆತ್ತ ಜಾಹೀರಾತು. ಕರ್ತೃಗಳ ಸ್ವಂತ ತಾಣಕ್ಕೇ ಹೋಗಿ, ಅವರು ತೋರಿಸಿದ ದಾರಿಯಲ್ಲಿಯೇ ಕಡತವನ್ನು ಇಳಿಸಿಕೊಳ್ಳುವುದು ಮೇಲು. ಗಲ್ಲಾದ ಯಂತ್ರದಲ್ಲಿ ದಿನದ ವ್ಯಾಪಾರವಿದೆ, ಹುಡುಗರ ಸಂಬಳದ ಲೆಕ್ಕವಿದೆ.

ಕರ್ತೃಗಳ ತಾಣಕ್ಕೂ ಕನ್ನ ಬೀಳುವುದುಂಟು. 2016ರ ಫೆಬ್ರವರಿ 20ರಂದು ‘ಲಿನಕ್ಸ್ ಮಿಂಟ್’ ತಾಣಕ್ಕೆ ನುಗ್ಗಿದವರು ಡೌನ್‌ಲೋಡಿನ ಕೊಂಡಿಯನ್ನೇ ಕಳ್ಳಪ್ರತಿಯ ಕಡೆಗೆ ತಿರುಗಿಸಿದ್ದರು. ಕಡತದೊಡನೆ ಪ್ರಕಟಿಸುವ ತಾಳೆಸಂಖ್ಯೆಯನ್ನು ಹೋಲಿಸಿ ನೋಡಬಹುದು. ಆದರೆ ಅದೇ ಪುಟದಲ್ಲಿದ್ದರೆ ಕಳ್ಳನು ಅದನ್ನೂ ತಿದ್ದಬಲ್ಲನು. ಕರ್ತೃಗಳ ಡಿಜಿಟಲ್ ರುಜುವನ್ನಾದರೋ, ಅವರ ಗುಪ್ತ ಕೀಲಿ ಕೈಗೆ ಸಿಕ್ಕದ ಹೊರತು ಉಗ್ರಾಣದವನು ಹಾಕಲಾರನು.