ನರಿಗಳ ಮೈಬಣ್ಣ

ಕಳೆದ ವಾರ ಸಂಜೆ ನಾವು ಜಗಲಿಯ ಮೇಲೆ ಕುಳಿತಿದ್ದಾಗ, ನಮ್ಮ ಕಿರಿಯ ಮೊಮ್ಮಗಳು ಚಿತ್ರಗಳ ಪುಸ್ತಕವೊಂದನ್ನು ಮುಂದಿಟ್ಟು, “ತಾತ, ಈ ಕಪ್ಪು ನರಿ ಆ ಕೆಂಪು ನರಿಗೆ ಏನಾಗಬೇಕು?” ಎಂದು ಕೇಳಿದಳು. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಮಗೆ ಗೋಮಾಯು, ವಂಚಕ, ಮೃಗಧೂರ್ತಕ, ಕ್ರೋಷ್ಟು, ಜಂಬುಕ ಎಂಬ ಹೆಸರುಗಳು ಒಡನೆಯೇ ನೆನಪಿಗೆ ಬಂದುವು. ಅವುಗಳಲ್ಲಿ ನರಿಯ ಕೂಗುಂಟು, ಕಪಟವುಂಟು. ಬಣ್ಣದ ಮಾತು ಮಾತ್ರವಿಲ್ಲ. ಆದುದರಿಂದ ಮರುದಿನ ಉತ್ತರ ಹೇಳುವೆವೆಂದು ಮಾತು ಕೊಟ್ಟು, ಪ್ರಾಣಿಶಾಸ್ತ್ರದ ಗ್ರಂಥಗಳನ್ನು ತೆರೆದೆವು.

ಕನ್ನಡದಲ್ಲಿ ನರಿಯೆಂಬ ಒಂದೇ ಮಾತು ರಾತ್ರಿ ಊಳಿಡುವ ದೊಡ್ಡ ನರಿಗೂ, ಬಯಲಿನಲ್ಲಿ ಬಿಲ ತೋಡಿಕೊಂಡಿರುವ ಸಣ್ಣ ನರಿಗೂ ಸಲ್ಲುವುದು. ನಾವು ಇಲ್ಲಿ ಹೇಳತಕ್ಕದ್ದು ಈ ಎರಡನೆಯದರ ಬಳಗವನ್ನು ಕುರಿತು. ನಮ್ಮ ಸೀಮೆಯ ಒಣಬಯಲುಗಳಲ್ಲಿರುವ ಸಣ್ಣ ನರಿಯ ಮೈ ಬೂದುಬಣ್ಣ. ಬಾಲದ ತುದಿ ಕಪ್ಪು. ಹಿಮಾಲಯದಲ್ಲಿಯೂ, ರಾಜಸ್ಥಾನದ ಮರುಭೂಮಿಯಲ್ಲಿಯೂ, ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿಯೂ ಇರುವ ಕೆಂಪು ನರಿಯ ಬಾಲದ ತುದಿಯಾದರೋ ಸಾಮಾನ್ಯವಾಗಿ ಬಿಳುಪು.

ಈ ಕೆಂಪು ನರಿಯ ಜಾತಿಯೊಂದರಲ್ಲಿಯೇ ಮುಖ್ಯವಾಗಿ ಮೂರು ಬಗೆಯ ತುಪ್ಪಳಗಳುಂಟು. ಮೊದಲನೆಯದು ಎಲ್ಲರೂ ಬಲ್ಲ ಕೆಂಪು. ಎರಡನೆಯದರಲ್ಲಿ ಬೆನ್ನಿನುದ್ದಕ್ಕೆ ಒಂದು, ಹೆಗಲಿಗಡ್ಡವಾಗಿ ಒಂದು, ಹೀಗೆ ಎರಡು ಕರಿಯ ಪಟ್ಟೆಗಳು ಶಿಲುಬೆಯಂತೆ ಕೂಡುವುವು. ಮೂರನೆಯದು ಕಪ್ಪು. ಕರಿಯ ಕೂದಲುಗಳಲ್ಲಿ ಅನೇಕಕ್ಕೆ ತುದಿಯ ಬಳಿ ಬಿಳಿಯ ಉಂಗುರವಿರುವುದರಿಂದ ಮೈಯೆಲ್ಲ ಬೆಳ್ಳಿ ಎರಚಿದಂತೆ ಹೊಳೆಯುವುದು. ಅದಕ್ಕಾಗಿ ಇದನ್ನು ಬೆಳ್ಳಿನರಿಯೆನ್ನುವರು. ಆದರೆ ಮೈ ಎಷ್ಟೇ ಕಪ್ಪಾಗಲಿ, ಬಾಲದ ತುದಿ ಬಹುಮಟ್ಟಿಗೆ ಬಿಳುಪಾಗಿಯೇ ಉಳಿದು ಮನೆತನವನ್ನು ಸಾರುವುದು.

ಬೆಳ್ಳಿನರಿಯ ತೊಗಲಿಗೆ ಒಂದು ಕಾಲದಲ್ಲಿ ಅಪಾರ ಬೆಲೆಯಿತ್ತು. ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಚಾರ್ಲ್ಸ್ ಡಾಲ್ಟನ್, ರಾಬರ್ಟ್ ಔಲ್ಟನ್ ಎಂಬಿಬ್ಬರು 1890ರ ದಶಕದಲ್ಲಿ ಇವನ್ನು ಸಾಕಿ ಮರಿಮಾಡಿಸುವುದರಲ್ಲಿ ಯಶಸ್ವಿಗಳಾದರು. ಹೀಗೆ ಸಾಕಿದ ಬಗೆಯಲ್ಲಿ ಗಂಡುಹೆಣ್ಣುಗಳೆರಡೂ ಬೆಳ್ಳಿನರಿಗಳಾದರೆ ಮರಿಗಳೂ ಹಾಗೆಯೇ ಆಗುವುವು. ಒಂದು ಕೆಂಪಾದರೆ ಮರಿಗಳು ಬಹುಮಟ್ಟಿಗೆ ಕೆಂಪೇ. ಆದರೂ ಕಪ್ಪಿನ ವಂಶವಾಹಿಯು ಅವುಗಳ ಒಡಲಲ್ಲಿ ಹುದುಗಿದ್ದು, ಅಂತಹ ಎರಡು ಕೂಡಿದಾಗ ಮೊಮ್ಮರಿಗಳಲ್ಲಿ ಮತ್ತೆ ತೋರುವುದು. ಹೀಗೆ ಕೆಂಪು ತಾಯಿತಂದೆಗಳ ಒಂದೇ ಬಿಲದಲ್ಲಿ, ಒಂದೇ ಸೂಲಿನಲ್ಲಿ, ಕೆಂಪೂ ಕಪ್ಪೂ ಹುಟ್ಟುವುದುಂಟು.

ಉತ್ತರಧ್ರುವದ ನರಿಯ ರೀತಿ ಬೇರೆ. ಚಳಿಗಾಲದಲ್ಲಿ ಹಿಮದಂತೆ ಬೆಳ್ಳಗಿರುವ ಅದು, ಹಗಲು ಬೆಳೆಯುತ್ತ ಬಂದಂತೆ ಬಿಳಿಯ ಕೂದಲನ್ನುದುರಿಸಿ, ಬೇಸಗೆಯಲ್ಲಿ ನೆಲಕ್ಕೊಪ್ಪುವ ಕಂದುಬಣ್ಣವನ್ನು ತಾಳುವುದು. ಆ ಜಾತಿಯಲ್ಲಿಯೇ ನೀಲಿನರಿಯೆಂಬುದೊಂದುಂಟು. ಅದು ಚಳಿಗಾಲದಲ್ಲಿಯೂ ಬಿಳುಪಾಗದೆ ಕಂದುಬೂದಾಗಿಯೇ ಇರುವುದು. ಕಡಲತೀರದ ಕರಿಬಂಡೆಗಳ ನಡುವೆ ಆ ಬಣ್ಣವೇ ಮರೆ. ಐಸ್ಲೆಂಡಿನಲ್ಲಿ ನೀಲಿಯವೇ ಹೆಚ್ಚು. ಇಲ್ಲಿ ನೀಲಿಯ ವಂಶವಾಹಿಯೇ ಪ್ರಬಲವಾದುದರಿಂದ ತಾಯಿಯಿಂದಾಗಲಿ ತಂದೆಯಿಂದಾಗಲಿ ಒಂದು ಬಂದರೂ ಸಾಕು. ನೀಲಿಯ ತೊಟ್ಟಿಯಲ್ಲಿ ಬಿದ್ದು ಅರಸನಾದ ಪಂಚತಂತ್ರದ ನರಿಗೆ ಈ ಭಾಗ್ಯವಿರಲಿಲ್ಲ!

ಇದನ್ನೋದುತ್ತಿದ್ದಂತೆ ಹಳೆಯ ಪ್ರಸಂಗವೊಂದು ನೆನಪಾಗಿ ನಮ್ಮ ಮನಸ್ಸು ಮುದುಡಿತು. ನಮ್ಮ ತರಗತಿಗೆ ಒಮ್ಮೆ ಅಣ್ಣತಮ್ಮಂದಿರಿಬ್ಬರು ಸೇರಿದರು. ಅಣ್ಣನು ಕೆಂಪಗೆ, ತಮ್ಮನು ಕಪ್ಪಗೆ. “ನೀವಿಬ್ಬರೂ ಒಂದೇ ಮನೆಯವರೇನಯ್ಯಾ?” ಎಂದು ನಾವು ವಿನೋದಕ್ಕೆಂದು ಕೇಳಿದೆವು. ತರಗತಿಯೆಲ್ಲ ನಕ್ಕಿತು. ಆ ಹುಡುಗನು ನಗಲಿಲ್ಲ. ಮರುದಿನದಿಂದ ಅವನು ಅಣ್ಣನ ಪಕ್ಕವನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತನು. ವರ್ಷ ಮುಗಿಯುವವರೆಗೂ ಮುಂದಕ್ಕೆ ಬರಲಿಲ್ಲ. ಕರೆದು ಒಂದು ಒಳ್ಳೆಯ ಮಾತಾಡಲು ನಮಗೆ ತೋಚಲಿಲ್ಲ. ಪಾಠ ಹೇಳುವವರಿಗೆ ಪಾಠ ತಡವಾಗಿ ಬರುವುದು. ಮಕ್ಕಳ ಮುಂದೆ ಬಣ್ಣವನ್ನೆತ್ತಿ ಆಡುವ ಅಭ್ಯಾಸವು ವಾಚಕರ ಮನೆಗಳಲ್ಲಿದ್ದರೆ ಇಂದೇ ನಿಲ್ಲಲಿ.

ಮರುದಿನ ಮೊಮ್ಮಗಳನ್ನು ಕರೆದು, “ಕಪ್ಪು ನರಿ ಕೆಂಪು ನರಿಗೆ ಒಡಹುಟ್ಟಿದ ತಮ್ಮನೂ ಆಗಬಹುದಮ್ಮ” ಎಂದೆವು. “ಹಾಗಾದರೆ ಸರಿ” ಎಂದು ಅವಳು ಮುಂದಿನ ಹಾಳೆಯನ್ನು ತಿರುವಿದಳು.